*ಪ್ರಯಾಣದಲ್ಲಿ ಗ್ಯಾಸ್ ಸಿಲಿಂಡರ್: ನಿಲ್ಲಿಸಿ, ಕಟ್ಟಿ, ಜನರಿಂದ ದೂರವಿಡಿ*



ಹೊರನಾಡಿನಲ್ಲಿರುವ ನಮ್ಮ ಮನೆಗಳ ಸಿಲಿಂಡರ್ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಗಾಡಿ ಹತ್ತುತ್ತದೆ. ಒಂದು, ಬಾಡಿಗೆ ಮನೆ ಬದಲಿಸುವಾಗ. ಇನ್ನೊಂದು, ನಾಲ್ಕಾರು ಮನೆಯವರು ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳಕ್ಕೋ ಪಂಢರಪುರಕ್ಕೋ ಹೊರಟು, ದಾರಿಯಲ್ಲಿ ನಾವೇ ಅಡುಗೆ ಮಾಡಿಕೊಳ್ಳೋಣ ಎಂದುಕೊಂಡಾಗ. ಎರಡೂ ಸಲ ಸಿಲಿಂಡರನ್ನು ಸೀಟಿನ ಕೆಳಗೋ ಹಾಸಿಗೆಯ ಸುರುಳಿಗಳ ನಡುವೆಯೋ ಅಡ್ಡ ಮಲಗಿಸಿಬಿಡುತ್ತೇವೆ. ಅಪಾಯ ಶುರುವಾಗುವುದೇ ಇಲ್ಲಿಂದ.

2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೈಯಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಯೊಂದಕ್ಕೆ ಬೆಂಕಿ ಬಿದ್ದು 9 ಯಾತ್ರಿಕರು ತೀರಿಕೊಂಡರು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರಿನಿಂದ ಚಹಾ ಮಾಡಲು ಹೋದದ್ದೇ ಕಾರಣ ಎಂದು ರೈಲ್ವೆ ಇಲಾಖೆ ತಿಳಿಸಿತು. ಅವರೂ ನಮ್ಮ ಹಾಗೆ ದೇವರ ದರ್ಶನಕ್ಕೆ ಹೊರಟ ಸಂಸಾರಸ್ಥರೇ.

*ಮಲಗಿಸಿದರೆ ಏನಾಗುತ್ತದೆ?*

ಸಿಲಿಂಡರಿನ ಒಳಗಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಒತ್ತಡದಲ್ಲಿ ಅದು ದ್ರವವಾಗಿರುತ್ತದೆ. ನಿಂತ ಸಿಲಿಂಡರಿನಲ್ಲಿ ದ್ರವ ಕೆಳಗೆ, ಅನಿಲ ಮೇಲೆ. ವಾಲ್ವ್ ಇರುವುದು ಮೇಲೆ. ಮಲಗಿಸಿದರೆ ದ್ರವವೇ ವಾಲ್ವಿನ ಬಾಯಿಗೆ ಬರುತ್ತದೆ. ಆಗ ಸೋರಿದರೆ ಹೊರಬರುವುದು ದ್ರವ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹರಡುತ್ತದೆ.

ಈ ಅನಿಲ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ಗಾಡಿಯ ನೆಲದಲ್ಲೇ, ಮಕ್ಕಳು ಮಲಗಿರುವ ಮಟ್ಟದಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಒಂದು ಕಿಡಿ ಸಾಕು.

ತೂಕವನ್ನೂ ಮರೆಯಬೇಡಿ. 14.2 ಕಿಲೋ ಗ್ಯಾಸ್, ಜೊತೆಗೆ ಕಬ್ಬಿಣದ ತೂಕ ಸೇರಿ ತುಂಬಿದ ಸಿಲಿಂಡರ್ ಸುಮಾರು 30 ಕಿಲೋ. ಜೋರಾಗಿ ಬ್ರೇಕ್ ಹಾಕಿದರೆ ಕಟ್ಟದ ಸಿಲಿಂಡರ್ ಮುಂದೆ ಕೂತವರ ಮೇಲೆ ಬರುತ್ತದೆ.

ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಟ್ರಾವೆಲ್ ಟ್ರೈಲರ್‌ಗಳಿವೆ, ಚಕ್ರದ ಮೇಲಿನ ಮನೆ ಇದ್ದ ಹಾಗೆ. ಅವುಗಳಲ್ಲೂ ಪ್ರೊಪೇನ್ ಸಿಲಿಂಡರನ್ನು ಸಾಮಾನ್ಯವಾಗಿ ಜನರಿರುವ ಕಡೆ ಇಡುವುದಿಲ್ಲ. ಹೊರಗೆ, ಮುಂಭಾಗದಲ್ಲಿ, ನೆಟ್ಟಗೆ ನಿಲ್ಲಿಸಿ ಕಬ್ಬಿಣದ ಚೌಕಟ್ಟಿಗೆ ಬಿಗಿಯುತ್ತಾರೆ. ನಾವು ಪಾಲಿಸಬೇಕಾದದ್ದೂ ಇದನ್ನೇ.

*ಮೊದಲು ಯೋಚಿಸಿ: ಒಯ್ಯಲೇಬೇಕೇ?*

🔹 ಬೇರೆ ಊರಿಗೆ ಮನೆ ಬದಲಿಸುವುದಾದರೆ ಬೇಡ. ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿ, ಡಿಪಾಸಿಟ್ ಹಣ ಮತ್ತು ಟ್ರಾನ್ಸ್‌ಫರ್ ವೋಚರ್ ಪಡೆಯಿರಿ. ಹೊಸ ಊರಿನಲ್ಲಿ ಅದನ್ನು ತೋರಿಸಿ ಸಂಪರ್ಕ ತೆಗೆದುಕೊಳ್ಳಿ.
🔹 ರೈಲಿನಲ್ಲಿ ಖಾಲಿಯಾಗಲಿ ತುಂಬಿದ್ದಾಗಲಿ ಬೇಡವೇ ಬೇಡ. ರೈಲ್ವೆ ಕಾಯ್ದೆಯ ಪ್ರಕಾರ ಅಪಾಯಕಾರಿ ವಸ್ತು ಒಯ್ದರೆ 3 ವರ್ಷದವರೆಗೆ ಜೈಲಾಗಬಹುದು.
🔹 ಸ್ಕೂಟರ್, ಬೈಕ್, ಸೈಕಲ್ ಮೇಲೆ ಸಾಗಿಸುವುದೂ ನಿಯಮಕ್ಕೆ ವಿರುದ್ಧ.
🔹 ಯಾತ್ರೆಗೆ ಹೊರಟವರು ಅಡುಗೆ ಸಾಮಾನಿಗೆ ಬೇರೆ ಟೆಂಪೋ ಮಾಡಿ. ಜನ ಕೂರುವ ಗಾಡಿಯಲ್ಲಿ ಸಿಲಿಂಡರ್ ಬೇಡ.

*ಒಯ್ಯಲೇಬೇಕಾದಾಗ*

ಒಂದೇ ಊರೊಳಗೆ ಮನೆ ಬದಲಿಸುವಾಗ ಸಿಲಿಂಡರ್ ಜೊತೆಗೇ ಬರುತ್ತದೆ. ಆಗ ಹೀಗೆ ಮಾಡಿ:

1️⃣ ರೆಗ್ಯುಲೇಟರ್ ತೆಗೆಯಿರಿ. ವಾಲ್ವಿಗೆ ದಾರದಲ್ಲಿ ಕಟ್ಟಿರುವ ಸೇಫ್ಟಿ ಕ್ಯಾಪನ್ನು ಒತ್ತಿ ಕೂರಿಸಿ. ಒಳಗಿನ ಪಿನ್ ಕೈಕೊಟ್ಟರೂ ಈ ಕ್ಯಾಪ್ ತಡೆಯುತ್ತದೆ.
2️⃣ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಗಾಡಿಗೆ ಹತ್ತಿಸಬೇಡಿ.
3️⃣ ತೆರೆದ ಸಾಮಾನು ಗಾಡಿಯಲ್ಲಿ, ಬದಿಯ ಕಬ್ಬಿಣಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿ. ಅಡಿಗೆ ಗೋಣಿಚೀಲ ಹಾಕಿ, ಜಾರುವುದಿಲ್ಲ.
4️⃣ ಎರಡು ಕಡೆ ಕಟ್ಟಿ: ಒಂದು ಸುತ್ತು ನಡುವಿಗಿಂತ ಮೇಲೆ, ಇನ್ನೊಂದು ಕೆಳಗೆ. ಗಟ್ಟಿ ಹಗ್ಗ ಅಥವಾ ಲಾರಿಯವರ ಬೆಲ್ಟ್ ಇರಲಿ. ಎಲಾಸ್ಟಿಕ್ ಹಗ್ಗ ಹಿಗ್ಗುತ್ತದೆ, ಬೇಡ. ಹಗ್ಗ ವಾಲ್ವಿನ ಮೇಲೆ ಹಾಯಬಾರದು.
5️⃣ ಗಾಡಿಯ ಮೈಗೇ ಕಟ್ಟಿ. ಬೀರುವಿಗೋ ಫ್ರಿಜ್ಜಿಗೋ ಕಟ್ಟಿದರೆ ಎರಡೂ ಒಟ್ಟಿಗೆ ಉರುಳುತ್ತವೆ.
6️⃣ ಕೈಯಿಂದ ಅಲುಗಾಡಿಸಿ ನೋಡಿ. ಅಲುಗಿದರೆ ಮತ್ತೆ ಕಟ್ಟಿ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ.

ಖಾಲಿ ಸಿಲಿಂಡರಿನಲ್ಲೂ ಗ್ಯಾಸ್ ಉಳಿದಿರುತ್ತದೆ. ಅದಕ್ಕೂ ಇದೇ ಕ್ರಮ.

*ದಾರಿಯಲ್ಲಿ ವಾಸನೆ ಬಂದರೆ*

ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ಹೋಗಿ. ಲೈಟ್ ಸ್ವಿಚ್, ಬೆಂಕಿಕಡ್ಡಿ ಮುಟ್ಟಬೇಡಿ. ದೂರ ಹೋದ ಮೇಲೆ 1906 (ಗ್ಯಾಸ್ ಸೋರಿಕೆ ಸಹಾಯವಾಣಿ) ಅಥವಾ 112ಕ್ಕೆ ಫೋನ್ ಮಾಡಿ. ವಯಸ್ಸಾದವರಿಗೆ ವಾಸನೆ ತಿಳಿಯುವ ಶಕ್ತಿ ಕಡಿಮೆ ಇರಬಹುದು. ಅಜ್ಜ ಅಜ್ಜಿಗೆ ಏನೂ ಗೊತ್ತಾಗಲಿಲ್ಲ ಎಂದ ಮಾತ್ರಕ್ಕೆ ಸುಮ್ಮನಿರಬೇಡಿ.

*ಪ್ರಥಮ ಚಿಕಿತ್ಸೆ*

✅ ಸುಟ್ಟ ಗಾಯ: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಐಸ್ ಬೇಡ. ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.
✅ ದ್ರವ ಗ್ಯಾಸ್ ಚರ್ಮಕ್ಕೆ ತಗುಲಿದರೆ ವಿಪರೀತ ತಂಪಿನಿಂದ ಗಾಯವಾಗುತ್ತದೆ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಉಗುರುಬೆಚ್ಚಗಿನ ನೀರು ಹಾಕಿ ವೈದ್ಯರಿಗೆ ತೋರಿಸಿ.
✅ ಮುಚ್ಚಿದ ಗಾಡಿಯೊಳಗೆ ಒಲೆ ಹಚ್ಚಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಬಹುದು. ತಲೆನೋವು, ವಾಂತಿ, ಮಂಪರು ಬಂದರೆ ತಕ್ಷಣ ಹೊರಗೆ ಕರೆತಂದು ಆಸ್ಪತ್ರೆಗೆ ಒಯ್ಯಿರಿ.

ಸಾಮಾನು ಹೊರುವವರಿಗೆ ಕನ್ನಡ ಬರದಿದ್ದರೆ ಅವರ ಭಾಷೆಯಲ್ಲೇ ಹೇಳಿ. ಹಿಂದಿಯಲ್ಲಿ 'ಸಿಲಿಂಡರ್ ಖಡಾ ರಖಿಯೇ', ಮರಾಠಿಯಲ್ಲಿ 'ಸಿಲಿಂಡರ್ ಉಭಾ ಠೇವಾ', ತಮಿಳಿನಲ್ಲಿ 'ಸಿಲಿಂಡರ ನಿಕ್ಕ ವೈಂಗ', ತೆಲುಗಿನಲ್ಲಿ 'ಸಿಲಿಂಡರ್ ನಿಲಬೆಟ್ಟಂಡಿ'.

ಈ ತಿಂಗಳು ಮನೆ ಬದಲಿಸುವವರು, ಯಾತ್ರೆಗೆ ಹೊರಟವರು ನಿಮ್ಮ ಬಳಗದಲ್ಲಿದ್ದರೆ ಅವರಿಗೆ ಇದನ್ನು ಇಂದೇ ಕಳುಹಿಸಿ. 🙏