ರೆಪ್ಪೆ ಬಡಿಯುವಷ್ಟರಲ್ಲಿ 7,500 ಸಲ

ಮನೆಯ ಗೇಟು, ಕಿಟಕಿಯ ಗ್ರಿಲ್ಲನ್ನು ನೀವೇ ವೆಲ್ಡ್ ಮಾಡಲು ಹೊರಟಿದ್ದೀರಾ? ತಾನಾಗಿ ಕಪ್ಪಾಗುವ ಹೆಲ್ಮೆಟ್ಟಿನ ತೂಕ ಅರ್ಧ ಕೆಜಿ ಆಸುಪಾಸು, ಅಷ್ಟೇ. ಆದರೆ ಡಬ್ಬದ ಮೇಲಿನ ಅಂಕಿ ನೋಡಿ: 1/25,000 ಸೆಕೆಂಡ್! ರಾಡು ಕಬ್ಬಿಣಕ್ಕೆ ತಾಗಿ ಆರ್ಕ್ ಹೊತ್ತಿತೋ, ಅಷ್ಟರೊಳಗೆ ಗಾಜು ಕಪ್ಪು.

ಕಣ್ಣಿನ ರೆಪ್ಪೆ ಒಮ್ಮೆ ಬಡಿಯಲು ಸುಮಾರು 0.3 ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಇಂಥ 7,500 ಕಪ್ಪಾಗುವಿಕೆಗಳು ಹಿಡಿಸುತ್ತವೆ. ಗಂಟೆಗೆ 100 ಕಿ.ಮೀ. ಓಡುವ ರೈಲು ಗಾಜು ಒಮ್ಮೆ ಕಪ್ಪಾಗುವಷ್ಟರಲ್ಲಿ ಸರಿಯುವುದು ಬರೀ 1.1 ಮಿ.ಮೀ. ಸಾಕ್ಷಾತ್ ಬೆಳಕೇ ಓಡಿದರೂ 12 ಕಿ.ಮೀ.; ಮುಳ್ಳಯ್ಯನಗಿರಿಯ ಮೇಲೆ ಮುಳ್ಳಯ್ಯನಗಿರಿ ಪೇರಿಸಿದರೆ ಆರರ ಎತ್ತರ! ಗಾಜು ಕಪ್ಪಾಗುವ ಕ್ಷಣವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ, ರೆಪ್ಪೆ ಬಡಿದು ಮುಗಿಯಲು 2 ಗಂಟೆ 5 ನಿಮಿಷ ಕಾಯಬೇಕು.

ಕಪ್ಪಾಗುವ ಮುನ್ನ ನುಸುಳುವ ಬೆಳಕಿನ ಚಿಂತೆಯೇ? ಪ್ರತಿ ಭಾನುವಾರ 100 ಸಲ ಆರ್ಕ್ ಹೊತ್ತಿಸಿ. ನುಸುಳಿದ ಹೊತ್ತೆಲ್ಲ ಕೂಡಿ ಒಂದೇ ಒಂದು ಸೆಕೆಂಡ್ ಆಗಲು 250 ಭಾನುವಾರ ಬೇಕು, ಹೆಚ್ಚುಕಡಿಮೆ ಐದು ವರ್ಷ! ಆಗಲೂ ಇನ್ನೂ ಕಪ್ಪಾಗದ ಶೇಡ್ 4ರ (ಶೇಡ್ ಎಂದರೆ ಗಾಜಿನ ಕಪ್ಪಿನ ಅಳತೆ) ಗಾಜು ಬೆಳಕಿನ 19ರಲ್ಲೊಂದು ಪಾಲನ್ನಷ್ಟೇ ಒಳಬಿಟ್ಟಿರುತ್ತದೆ. ಒಳ್ಳೆಯ ಹೆಲ್ಮೆಟ್ಟಾದರೆ ಅತಿನೇರಳೆ ಮತ್ತು ಅವಗೆಂಪು ಕಿರಣಗಳಿಗಂತೂ ಗಾಜು ತಿಳಿಯಾಗಿದ್ದಾಗಲೂ ತಡೆ ಉಂಟು. 1/10,000 ಸೆಕೆಂಡಿನ ಅಗ್ಗದ ಹೆಲ್ಮೆಟ್ ಕೂಡ ರೆಪ್ಪೆಗಿಂತ 3,000 ಪಟ್ಟು ಚುರುಕು. ವೇಗಕ್ಕೆ ಮರುಳಾಗಿ ಹಣ ಸುರಿಯಬೇಡಿ.

ದೊಡ್ಡ ಅಚ್ಚರಿ ಇರುವುದು ಕಪ್ಪಾದ ಗಾಜಿನ ಶೇಡ್ ಆರಿಸಲು 9ರಿಂದ 13ರವರೆಗೆ ತಿರುಗುವ ಪುಟ್ಟ ಡಯಲ್‌ನಲ್ಲಿ. ನೋಡಲು ಐದೇ ಅಂಕಿ. ಆದರೆ ಒಂದೊಂದು ಮೆಟ್ಟಿಲಿಗೂ ಬೆಳಕು ಸುಮಾರು 2.7 ಪಟ್ಟು ಕುಗ್ಗುತ್ತದೆ. ಶೇಡ್ 8 ಸಾವಿರದಲ್ಲೊಂದು ಪಾಲು ಬಿಟ್ಟರೆ, ಶೇಡ್ 10 ಬಿಡುವುದು 7,200ರಲ್ಲೊಂದು, ಶೇಡ್ 13 ಸುಮಾರು 1,39,000ದಲ್ಲೊಂದು!

2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.1 ಕೋಟಿ. ಅಷ್ಟೂ ಜನ ಬೆಳಕಿನ ಕಣಗಳಾಗಿ ಹೆಲ್ಮೆಟ್ಟಿನ ಅಂಗೈಯಗಲದ ಗಾಜಿನ ಕಿಟಕಿಗೆ ನುಗ್ಗಿದರೆನ್ನಿ. ಶೇಡ್ 4ರಲ್ಲಿ 31 ಲಕ್ಷಕ್ಕೂ ಹೆಚ್ಚು ಮಂದಿ ಒಳಗೆ. ಶೇಡ್ 10ರಲ್ಲಿ ಸುಮಾರು 8,500. ಶೇಡ್ 13ರಲ್ಲಿ? ಇಡೀ ನಾಡಿನಿಂದ ಬರೀ 440 ಜನ. ಹತ್ತು ಬಸ್ಸೂ ಸರಿಯಾಗಿ ತುಂಬದು!

ಇನ್ನೊಂದೇ ಮೆಟ್ಟಿಲು ಹತ್ತಿ ಶೇಡ್ 14ಕ್ಕೆ ಬನ್ನಿ: 3,73,000ದಲ್ಲೊಂದು. ಸೂರ್ಯ ಹುಣ್ಣಿಮೆ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಖರ. ಅಂದರೆ ಆ ಗಾಜಿನ ಹಿಂದೆ ನಡುಹಗಲ ಅಂಗಳ ಬೆಳದಿಂಗಳಷ್ಟೇ ಮಂಕು!

60ರಿಂದ 160 ಆಂಪಿಯರ್‌ನ ಮನೆಯ ರಾಡ್ ಕೆಲಸಕ್ಕೆ ಸಾಮಾನ್ಯವಾಗಿ ಶೇಡ್ 10 ಹೊಂದುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ಡಯಲ್ ನೋಡಿ, ಆಮೇಲೆ ಆರ್ಕ್ ಗುರುತಿಸುವ ಸೆನ್ಸರ್ ಎರಡರ ಬದಲು ನಾಲ್ಕು ಇದೆಯೇ ಎಂದು ಎಣಿಸಿ. ಸೆಕೆಂಡಿನ ಲೆಕ್ಕ ಕೊನೆಗಿರಲಿ. ಬೆರಳು ಜಾರಿ 13ರ ಡಯಲ್ 9ಕ್ಕೆ ಬಂತೆಂದರೆ ಕಣ್ಣಿಗೆ ನುಗ್ಗುವ ಬೆಳಕು 52 ಪಟ್ಟು!