ಬೀಡಿಯ ತುಡಿತ ಮತ್ತು ಬಿಪಿ ಮಾತ್ರೆ

"ಟೆನ್ಶನ್ ಆದಾಗ ಒಂದು ಎಳೆಯದಿದ್ದರೆ ತಲೆಯೇ ಓಡುವುದಿಲ್ಲ ಮಾರಾಯ್ರೆ." ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಲ್ಲಿ, ಉದ್ಯಾವರದ ಗೂಡಂಗಡಿಯಲ್ಲಿ, ಮಣಿಪಾಲದ ಬಸ್ ಸ್ಟ್ಯಾಂಡಿನಲ್ಲಿ ಈ ಮಾತು ಸಾಮಾನ್ಯ. ಕಾಪು, ಕಾರ್ಕಳದ ಸುತ್ತಮುತ್ತ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ. ಬೀಡಿ ಇಲ್ಲಿ ಪರಕೀಯ ವಸ್ತುವಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಗಂಡಸರಲ್ಲಿ ಶೇ. 16.8 ಮಂದಿ ಧೂಮಪಾನಿಗಳು.

ಅವರು ಹೇಳುವ ಟೆನ್ಶನ್ ಸುಳ್ಳಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಹಿಂದಿನ ಬೀಡಿಯೇ ಬಿಟ್ಟುಹೋದದ್ದು.

ಹೊಗೆ ಒಳಗೆ ಹೋದ 10-20 ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅಭ್ಯಾಸವಾಗಿಬಿಟ್ಟ ಮಿದುಳು ಆಗ ಚಡಪಡಿಸುತ್ತದೆ. ಅಪಾಯ ಎದುರಾದಾಗ ನಮ್ಮನ್ನು ಎಚ್ಚರಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ವ್ಯವಸ್ಥೆ ಕಾರಣವಿಲ್ಲದೆ ಕೆರಳುತ್ತದೆ. ಸಿಟ್ಟು, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದ ಸ್ಥಿತಿ. ಇನ್ನೊಂದು ಬೀಡಿ ಹಚ್ಚಿದರೆ ಇದೆಲ್ಲ ಶಮನವಾಗುತ್ತದೆ. ಸೇದಿದವನಿಗೆ ಬೀಡಿಯೇ ಔಷಧವೆನಿಸುತ್ತದೆ. 26 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವರದಿ ಇದಕ್ಕೆ ತಿರುಗುಮುರುಗಾದ ಚಿತ್ರ ಕೊಟ್ಟಿತು: ಸೇದುವುದನ್ನು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಕಡಿಮೆಯಾಗಿದ್ದವು.

ಹಾಗಾದರೆ ಕೆರಳುವ ಆ ವ್ಯವಸ್ಥೆಯನ್ನೇ ಮಾತ್ರೆಯಿಂದ ತಣ್ಣಗಾಗಿಸಿದರೆ? ವಿಜ್ಞಾನಿಗಳು ಇದಕ್ಕೆ ಕೈಗೆತ್ತಿಕೊಂಡದ್ದು ಹಳೆಯ ಬಿಪಿ ಮಾತ್ರೆಗಳನ್ನು. ನಾರ್‌ಅಡ್ರಿನಲಿನ್ ಬಿಡುಗಡೆಯನ್ನು ತಗ್ಗಿಸುವ ಕ್ಲೋನಿಡಿನ್, ಸೇದುವ ತುಡಿತವನ್ನೂ ತಗ್ಗಿಸುತ್ತದೆ ಎಂಬುದು 1980ರ ದಶಕದಲ್ಲೇ ತಿಳಿಯಿತು. ಬಾಯಿ ಒಣಗುವುದು, ತೂಕಡಿಕೆ ಅದರ ತೊಡಕು. ಥಟ್ಟನೆ ನಿಲ್ಲಿಸಿದರೆ ಬಿಪಿ ಅಪಾಯದ ಮಟ್ಟಕ್ಕೇರಬಹುದು. ಮನೆಯ ಹಿರಿಯರ ಮಾತ್ರೆ ಡಬ್ಬಿಯಿಂದ ಎತ್ತಿ ನುಂಗಿ ನೋಡುವ ಸಾಹಸ ಯಾರೂ ಮಾಡಬಾರದು.

ಅದೇ ಬಳಗದ ಗ್ವಾನ್‌ಫಸಿನ್ ಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶೆರಿ ಮೆಕೀ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. 33 ಧೂಮಪಾನಿಗಳನ್ನು ಕೆಲಹೊತ್ತು ಸೇದದಂತೆ ಇರಿಸಿ, ಒತ್ತಡಕ್ಕೆ ಒಳಪಡಿಸಿ, ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆಂದು ನೋಡಲಾಯಿತು. ಬರೀ ಹುಸಿಮಾತ್ರೆ ನುಂಗಿದವರು ಒತ್ತಡದ ನಂತರ ಬೇಗನೆ ಸಿಗರೇಟಿಗೆ ಕೈ ಚಾಚಿದರು. ಗ್ವಾನ್‌ಫಸಿನ್ ಪಡೆದವರ ಮೇಲೆ ಒತ್ತಡದ ಈ ಪ್ರಭಾವ ಕಾಣಲಿಲ್ಲ, ಇಲ್ಲವೇ ಕಡಿಮೆಯಿತ್ತು. ಪ್ರಯೋಗ ಚಿಕ್ಕದು, ಆದರೆ ದಾರಿ ಸರಿಯಿದೆ. ಬಿಟ್ಟವರು ಮತ್ತೆ ಜಾರುವುದು ಮನೆಯಲ್ಲಿ ಜಗಳವಾದ ದಿನ, ಸಾಲ ಕೊಟ್ಟವರು ಬಾಗಿಲಿಗೆ ಬಂದ ದಿನ. ಆ ಗಳಿಗೆಯನ್ನು ದಾಟಿಸುವ ಮದ್ದು ನಿಜಕ್ಕೂ ಬೇಕಾಗಿದೆ.

ಅದು ಬರುವವರೆಗೆ ಕಾಯಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿದ್ದು ವರೆನಿಕ್ಲಿನ್, ಬುಪ್ರೊಪಿಯಾನ್, ಸೈಟಿಸಿನ್ ಮತ್ತು ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪಟ್ಟಿಯಂಥ ಬದಲಿಗಳನ್ನು. ಬುಪ್ರೊಪಿಯಾನ್ ಮೂಲತಃ ಖಿನ್ನತೆಯ ಮದ್ದು. ಡೋಪಮಿನ್ ಜತೆಗೆ ನಾರ್‌ಅಡ್ರಿನಲಿನ್ ಮೇಲೂ ಕೆಲಸ ಮಾಡುತ್ತದೆ. ಬುಪ್ರೊಪಿಯಾನ್, ವರೆನಿಕ್ಲಿನ್ ಎರಡೂ ಮನಸ್ಸು ಕೆಡಿಸುತ್ತವೆಂಬ ಭಯವಿತ್ತು. 8,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದಲ್ಲಿ, ಹುಸಿಮಾತ್ರೆಗೆ ಹೋಲಿಸಿದರೆ ಅಂಥ ತೊಂದರೆ ಗಮನಾರ್ಹವಾಗಿ ಹೆಚ್ಚಿರಲಿಲ್ಲ.

ನಿಕೋಟಿನ್ ಗಮ್ ಅನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯಬಾರದು. ನಾಲಿಗೆಗೆ ಖಾರ ತಾಗಿದ ಕೂಡಲೇ ಕೆನ್ನೆಯ ಒಳಬದಿಗೆ ಇಟ್ಟುಕೊಳ್ಳಬೇಕು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು.

ಮಾತ್ರೆಗಳಿಗೆ ವೈದ್ಯರ ಚೀಟಿ ಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಉದ್ಯಾವರದವರಿಗೆ ಕೈಗೆಟಕುವ ದೂರದಲ್ಲಿವೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಸಂಕೋಚಪಡುವವರು ಬೀಡಿ ಕಟ್ಟಿನ, ಸಿಗರೇಟು ಪ್ಯಾಕಿನ ಮೇಲೆಯೇ ಮುದ್ರಿಸಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ. ಸಲಹೆ ಕನ್ನಡದಲ್ಲೇ ಸಿಗುತ್ತದೆ.