ವಿಜ್ಞಾನ ನೀತಿಯಲ್ಲಿ ಪ್ರಜೆಯ ಪಾಲು

'ಪ್ರಜಾ' ಎಂಬ ಸಂಸ್ಕೃತ ಶಬ್ದಕ್ಕೆ ಸಂತಾನವೆಂಬುದು ಮೂಲಾರ್ಥ. ಅರಸನು ತಂದೆ, ನಾಡವರು ಮಕ್ಕಳು ಎಂಬ ಭಾವನೆಯಿಂದ ಅದು ಆಳಿಸಿಕೊಳ್ಳುವವರಿಗೂ ಸಂದಿತು. ಪ್ರಜಾಪ್ರಭುತ್ವದಲ್ಲಿ ಆ ಪ್ರಜೆಯೇ ಪ್ರಭುವೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ವಿಜ್ಞಾನದ ಮಾತು ಬಂದೊಡನೆ ಮಾತ್ರ ಅವನನ್ನು ಮತ್ತೆ ಮಗುವೆಂದೇ ಬಗೆಯುತ್ತೇವೆ. ಯಾವ ಸಂಶೋಧನೆ ನಡೆಯಬೇಕು, ಬೊಕ್ಕಸದಿಂದ ಅದಕ್ಕೆಷ್ಟು ಹಣ ಸಲ್ಲಬೇಕು ಎಂಬುದನ್ನು ತಜ್ಞರೂ ಅಧಿಕಾರಿಗಳೂ ನಿರ್ಣಯಿಸುತ್ತಾರೆ. ತೆರಿಗೆ ತೆತ್ತವನು ಫಲವನ್ನು ಉಂಡರೆ ಸಾಕು!

ಈ ರೂಢಿಗೆ ಭಂಗ ತಂದುದು ಬದನೆಕಾಯಿ. ಬದನೆಯ ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಹುಳುವಿನ ಬಾಧೆಯನ್ನು ರೈತರೆಲ್ಲರೂ ಬಲ್ಲರು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯದ ಜೀನನ್ನು ಸೇರಿಸಿ, ಆ ಹುಳುವಿಗೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದುದು ಬಿ.ಟಿ. ಬದನೆ. ಖಾಸಗಿ ಬೀಜ ಸಂಸ್ಥೆಯೊಡನೆ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಈ ಕಾರ್ಯದಲ್ಲಿ ಪಾಲ್ಗೊಂಡಿತ್ತು. ಕೇಂದ್ರದ ತಜ್ಞ ಸಮಿತಿಯು 2009ರ ಅಕ್ಟೋಬರಿನಲ್ಲಿ ಸಮ್ಮತಿಯನ್ನಿತ್ತಿತು. ಆದರೆ ಅಂದಿನ ಪರಿಸರ ಸಚಿವ ಜೈರಾಮ್ ರಮೇಶರು ಅಷ್ಟಕ್ಕೇ ತೃಪ್ತರಾಗದೆ, 2010ರ ಜನವರಿ-ಫೆಬ್ರವರಿಯಲ್ಲಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆಗಳನ್ನು ನಡೆಸಿದರು. ಕೋಲ್ಕತ್ತದಲ್ಲಿ ಆರಂಭವಾದ ಈ ಸಭೆಗಳಲ್ಲಿ ಕೊನೆಯದು ಬೆಂಗಳೂರಿನದು. ಭಾಗವಹಿಸಿದವರು ಸುಮಾರು 8,000 ಮಂದಿ. ಫೆಬ್ರವರಿ 9ರಂದು ಸಚಿವರು ಬದನೆಯ ಬಿಡುಗಡೆಯನ್ನು ತಡೆಹಿಡಿದರು.

ಸಭೆಗಳಲ್ಲಿ ಗದ್ದಲವೂ ಆಯಿತು; ಪ್ರಯೋಗಶಾಲೆಯ ಸತ್ಯವನ್ನು ಕೈಯೆತ್ತಿಸಿ ನಿರ್ಣಯಿಸಬಹುದೇ ಎಂಬ ವಿಜ್ಞಾನಿಗಳ ಆಕ್ಷೇಪ ಅಸಾಧುವಲ್ಲ. ಪ್ರೋಟೀನಿನ ಗುಣವು ಬಹುಮತಕ್ಕೆ ಬಗ್ಗದು. ಅದೇ ಬದನೆಯನ್ನು ಬಾಂಗ್ಲಾದೇಶದ ರೈತರು 2014ರಿಂದ ಬೆಳೆಯುತ್ತಿದ್ದಾರೆಂಬುದನ್ನೂ ಇಲ್ಲಿ ಹೇಳಲೇಬೇಕು. ಆದರೆ ಬೀಜದ ಒಡೆತನ ಯಾರದು, ಬೀಜ ಮಾರುವವನೇ ಮಾಡಿಸಿದ ಪರೀಕ್ಷೆಯನ್ನು ನಂಬುವುದೆಂತು, ನಾಡತಳಿಗಳ ಗತಿಯೇನು ಎಂಬ ಪ್ರಶ್ನೆಗಳಿಗೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿಲ್ಲ. ಅವನ್ನು ಕೇಳಲು ಮಟ್ಟುಗುಳ್ಳ ಬೆಳೆಯುವ ಉಡುಪಿಯ ಒಕ್ಕಲಿಗನು ತಜ್ಞನಿಗಿಂತ ಕಡಿಮೆ ಅರ್ಹನಲ್ಲ.

ನನ್ನ ಆಕ್ಷೇಪ ಬೇರೆಯದು. ಜನರನ್ನು ಕರೆದುದು ಬೀಜ ಸಿದ್ಧವಾಗಿ ಬಾಗಿಲಿಗೆ ಬಂದಾಗ. ವರ್ಷಗಳ ಶ್ರಮ, ಅಪಾರ ಧನ ಆಗಲೇ ವ್ಯಯವಾಗಿದ್ದವು. ಆ ಹೊತ್ತಿನಲ್ಲಿ ಹೌದು ಇಲ್ಲವೇ ಅಲ್ಲ ಎಂದು ಕೂಗುವುದನ್ನುಳಿದು ಜನರಿಗೆ ಬೇರೆ ಮಾರ್ಗವೆಲ್ಲಿತ್ತು?

ಡೆನ್ಮಾರ್ಕಿನಲ್ಲಿ 1987ರಲ್ಲಿ ಬೇರೊಂದು ಕ್ರಮವನ್ನು ಅನುಸರಿಸಿದರು. ಉದ್ಯಮ ಮತ್ತು ಬೇಸಾಯದಲ್ಲಿ ಜೀನ್ ತಂತ್ರವನ್ನು ಕುರಿತು, ತಜ್ಞರಲ್ಲದ ಸಾಮಾನ್ಯರ ಚಿಕ್ಕದೊಂದು ತಂಡವನ್ನು ಕೂಡಿಸಿದರು. ಇಂಥ ತಂಡವು ಮೊದಲು ವಿಷಯವನ್ನು ಓದಿ ತಿಳಿಯುತ್ತದೆ, ಪ್ರಶ್ನೆಗಳನ್ನು ತಾನೇ ರಚಿಸುತ್ತದೆ. ತಜ್ಞರು ಬಹಿರಂಗವಾಗಿ ಉತ್ತರಿಸುತ್ತಾರೆ. ವರದಿಯನ್ನು ಬರೆಯುವವರು ಆ ಸಾಮಾನ್ಯರೇ. ಅದು ಕಾನೂನಲ್ಲ, ಸಲಹೆ ಮಾತ್ರ.

ಧಾರವಾಡದಲ್ಲಿ ಮೊದಲ ರೂಪಾಯಿಯನ್ನು ವ್ಯಯಿಸುವ ಮುನ್ನ ಹತ್ತು ಹದಿನೈದು ಬೆಳೆಗಾರರನ್ನೂ ಗೃಹಿಣಿಯರನ್ನೂ ಹೀಗೆ ಕುಳ್ಳಿರಿಸಿದ್ದರೆ, ಹುಳುವಿಗೆ ಹೊಸ ಜೀನೇ ಬೇಕೋ, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆಗಳನ್ನು ಸುಧಾರಿಸುವ ಸಂಶೋಧನೆ ಸಾಕೋ ಎಂಬ ಚರ್ಚೆ ಗದ್ದಲವಿಲ್ಲದೆಯೇ ನಡೆಯಬಹುದಾಗಿತ್ತು.